ತಪ್ಪು ಬೇರೆ, ಸುಳ್ಳು ಬೇರೆ

"ಅಕ್ಕಾ, ಸಂತೆ ಬಸ್ಸು ಇನ್ನೂ ಹೋಗಿಲ್ಲ, ಬೇಗ ಹೋಗಿ" ಅಂದೆವು. ಅಕ್ಕ ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಓಡಿದರು. ಬಸ್ಸು ಆಗಲೇ ಹೋಗಿತ್ತು. "ಯಾಕೆ ಸುಳ್ಳು ಹೇಳಿದ್ರಿ?" ಅಂತ ಸಿಟ್ಟಾದರು.

ನಾವು ಸುಳ್ಳು ಹೇಳಿದೆವಾ? ಇಲ್ಲ. ಬಸ್ಸು ಹೋಗಿಲ್ಲ ಅಂತಲೇ ನಂಬಿದ್ದೆವು. ನಂಬಿದ್ದನ್ನೇ ಹೇಳಿದೆವು. ನಮ್ಮ ಮಾತು ತಪ್ಪಾಯಿತು, ಅಷ್ಟೆ. ನಾವು ನಂಬಿದೆವು ಅಂತ ಬಸ್ಸೇನೂ ಕಾಯಲಿಲ್ಲ ನೋಡಿ! ನಿಜ ನಮ್ಮ ನಂಬಿಕೆಯ ಮಾತು ಕೇಳುವುದಿಲ್ಲ. ಆದರೆ ಹೇಳಿದವರು ಸುಳ್ಳುಗಾರರೋ ಅಲ್ಲವೋ ಎನ್ನಲು ಅವರ ನಂಬಿಕೆಯನ್ನು ನೋಡಬೇಕು.

ಕೋರ್ಟಿನಲ್ಲೂ ಹೀಗೇ ನೋಡುತ್ತಾರೆ. ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳುವುದು ಅಪರಾಧ. 1860ರ ಭಾರತ ದಂಡ ಸಂಹಿತೆಯ 191ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 227ನೇ ಕಲಮಿನಲ್ಲೂ ಅದೇ ಮಾತಿದೆ. ಅಲ್ಲಿ ಉದಾಹರಣೆಗಳನ್ನೂ ಕೊಟ್ಟಿದ್ದಾರೆ.

ಒಬ್ಬರ ಕೈಬರಹ ನಮಗೆ ಪರಿಚಯ. "ಈ ರುಜು ಅವರದೇ ಅಂತ ನಂಬಿದ್ದೇನೆ" ಅಂತ ಒಳ್ಳೆ ಮನಸ್ಸಿನಿಂದ ಹೇಳುತ್ತೇವೆ. ಆ ರುಜು ಅವರದಲ್ಲದೇ ಇರಬಹುದು. ಆದರೂ ಅದು ಸುಳ್ಳು ಸಾಕ್ಷಿ ಅಲ್ಲ.

ಇನ್ನೊಂದು ಉದಾಹರಣೆ ಓದಿ ನಮಗೇ ಆಶ್ಚರ್ಯವಾಯಿತು. "ಆತ ಆ ದಿನ ಅಲ್ಲೇ ಇದ್ದ, ನನಗೆ ಗೊತ್ತು" ಅಂತ ಒಬ್ಬರು ಸಾಕ್ಷಿ ಹೇಳುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಆತ ನಿಜವಾಗಿ ಅಲ್ಲೇ ಇದ್ದಿರಬಹುದು. ಆದರೂ ಅದು ಸುಳ್ಳು ಸಾಕ್ಷಿಯೇ! ಯಾಕೆ? "ಗೊತ್ತು" ಅಂದರಲ್ಲ, ಅದೇ ಸುಳ್ಳು. ಕೋರ್ಟಿನ ಮೊಕದ್ದಮೆಯಲ್ಲಿ ಬೇಕೆಂದೇ ಹೀಗೆ ಹೇಳಿದರೆ 7 ವರ್ಷದವರೆಗೆ ಜೈಲು ಆಗಬಹುದು. ದಂಡವೂ ಉಂಟು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇವೆ? ಈಗ ನಾವು ರುಜು ಹಾಕಲು ಕಲಿತಿದ್ದೇವೆ. ಜಮೀನಿನ ಪತ್ರ, ಸಾಲದ ಪತ್ರ ಬಂದಾಗ "ಸಾಕ್ಷಿಗೆ ಸುಮ್ನೆ ಒಂದು ರುಜು ಹಾಕಮ್ಮ" ಅಂತ ಕರೀತಾರೆ. ನೆಂಟರೇ ಕರೀತಾರೆ, ಇಲ್ಲ ಅನ್ನೋದು ಕಷ್ಟ. "ಹಣ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇವೆ" ಅಂತ ಅದರಲ್ಲಿ ಬರೆದಿರಬಹುದು. ನಾವು ಕಂಡಿದ್ದೇವಾ? ಜಗಳವಾಗಿ ಆ ಪತ್ರ ಕೋರ್ಟಿಗೆ ಹೋದರೆ ಪ್ರಮಾಣ ಮಾಡಿ ನಿಲ್ಲಬೇಕಾದವರು ನಾವು.

ಅದಕ್ಕೇ ಪತ್ರವನ್ನು ಕೈಗೆ ತೆಗೆದುಕೊಂಡು ಪೂರ್ತಿ ಓದಿ. ಕೋರ್ಟಿನಲ್ಲಿ ಕೇಳಿದರೆ ಕಂಡದ್ದನ್ನು ಕಂಡೆ ಅನ್ನಿ. ಯಾರೋ ಹೇಳಿ ಕೇಳಿದ್ದರೆ ಕೇಳಿದೆ ಅನ್ನಿ. ಗೊತ್ತಿಲ್ಲದಿದ್ದರೆ "ನನಗೆ ಗೊತ್ತಿಲ್ಲ" ಅನ್ನುವುದು ಅಪರಾಧ ಅಲ್ಲ. ಗೊತ್ತಿದ್ದೂ ಗೊತ್ತಿಲ್ಲ ಅಂದರೆ ಮಾತ್ರ ಅದೂ ಸುಳ್ಳು ಸಾಕ್ಷಿಯೇ.