ಒಂದು ಹೆಸರು, ಎರಡು ಕಿವಿ

ಮಗುವನ್ನು ತೊಟ್ಟಿಲಿಗೆ ಹಾಕಿ ಅದರ ಕಿವಿಯಲ್ಲಿ ಹೆಸರನ್ನು ಉಸುರುವಾಗ ತಂದೆತಾಯಿಗಳು ತಮ್ಮ ಮನೆಮಾತಿನ ಅರ್ಥವನ್ನಷ್ಟೇ ಎಣಿಸಿರುತ್ತಾರೆ. ಆದರೆ ಆ ಹೆಸರು ಹೊಸ್ತಿಲು ದಾಟಿ ಬೀದಿಗೆ ಬಂದೊಡನೆ ನೆರೆಯವರ ನುಡಿಯು ಅದಕ್ಕೆ ಬೇರೊಂದು ಅರ್ಥವನ್ನು ಹಚ್ಚಿಬಿಡುವುದುಂಟು. ಕನ್ನಡ ಮರಾಠಿಗಳೆರಡೂ ಒಂದೇ ಓಣಿಯಲ್ಲಿ ಕೇಳಿಬರುವ ಬೆಳಗಾವಿಯಲ್ಲಿಯೂ, ಅವುಗಳ ಜೊತೆಗೆ ಕೊಂಕಣಿಯೂ ಸೇರುವ ಖಾನಾಪುರ ತಾಲೂಕಿನಲ್ಲಿಯೂ ಇದನ್ನು ದಿನನಿತ್ಯ ಕಾಣಬಹುದು.

‘ಬಸಪ್ಪ’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಸಂಸ್ಕೃತದ ‘ವೃಷಭ’ವು ಕನ್ನಡದಲ್ಲಿ ‘ಬಸವ’ ಎಂದಾಯಿತು. ಬಸಪ್ಪ, ಬಸವ್ವ ಎಂಬ ಹೆಸರುಗಳು ಅದರಿಂದ ಹುಟ್ಟಿದವು. ಮರಾಠಿಯಲ್ಲಿಯಾದರೋ ‘ಬಸ್’ ಎಂದರೆ ಕುಳಿತುಕೋ, ‘ಬಸವ’ ಎಂದರೆ ಕೂಡಿಸು! ತಾಯವ್ವನ ಹೆಸರಿನಲ್ಲಿ ನಮಗೆ ಹೆತ್ತವಳು ಕಂಡರೆ, ಮರಾಠಿಯ ‘ತಾಈ’ ಎಂದರೆ ಅಕ್ಕ. ಬಾಳಪ್ಪನೆಂದಾಗ ಕನ್ನಡಿಗನಿಗೆ ‘ಬಾಳು’ ಎಂಬ ಹರಕೆ ಕೇಳಿಸುತ್ತದೆ. ಮರಾಠಿಗನಿಗೆ ಕೂಸೆಂಬ ಅರ್ಥದ ‘ಬಾಳ’ ಕೇಳಿಸುತ್ತದೆ. ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರಿನಲ್ಲಿ ನಾವು ಚೆಲುವನ್ನು ಕಾಣುತ್ತೇವೆ. ದೂರದ ಪಂಜಾಬಿಯಲ್ಲಿ ‘ಚನ್ನ್’ ಎಂದರೆ ಚಂದ್ರ. ಹಿಂದಿಯವರಿಗೆ ಕಡಲೆಯ ‘ಚನಾ’ ನೆನಪಾದೀತು. 1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ‘ರಾಯ’ವೂ ಮರಾಠಿಯ ‘ರಾವ್’ ಎಂಬುದೂ ‘ರಾಜ’ ಶಬ್ದದ ಮಕ್ಕಳೇ. ಆದರೆ ಹಿಂದಿಯಲ್ಲಿ ಅರಬ್ಬೀ ಮೂಲದ ಇನ್ನೊಂದು ‘ರಾಯ್’ ಇದ್ದು, ಅದಕ್ಕೆ ಅಭಿಪ್ರಾಯವೆಂದು ಅರ್ಥ.

ದನಿಯೊಂದಾಗಿ ಅರ್ಥ ಬೇರೆಯಾಗುವುದು ವಿನೋದದ ಮಾತು. ದನಿ ಬೇರೆಯಾಗಿ ಅರ್ಥವೊಂದೇ ಆಗುವುದು ಹೃದಯಕ್ಕೆ ಹತ್ತಿರವಾದ ಮಾತು. ನಮ್ಮ ಗುಂಡಪ್ಪನಲ್ಲಿ ಗುಂಡುಕಲ್ಲು ಇದೆ. ಮರಾಠಿಯ ಧೋಂಡಿಬಾ, ದಗಡೂ ಎಂಬ ಹೆಸರುಗಳಲ್ಲಿಯೂ ಕಲ್ಲೇ ಇದೆ. ತಿಪ್ಪಣ್ಣನಲ್ಲಿ ತಿಪ್ಪೆಯಿದ್ದರೆ ಕೇರೋಬಾನಲ್ಲಿ ಕಸ. ತಿರಕಪ್ಪನಲ್ಲಿ ತಿರುಕನಿದ್ದರೆ ಭಿಕಾಜಿಯಲ್ಲಿ ಭಿಕ್ಷೆ. ಎಳೆಗೂಸುಗಳು ಮೇಲಿಂದ ಮೇಲೆ ತೀರಿಹೋಗುತ್ತಿದ್ದ ಕಾಲದಲ್ಲಿ, ಒಂದೆರಡು ಮಕ್ಕಳನ್ನು ಕಳೆದುಕೊಂಡ ತಾಯಿಯು ಮುಂದಿನ ಮಗುವಿಗೆ ಇಂತಹ ಹೆಸರನ್ನಿಟ್ಟು, ‘ಇದು ಕಲ್ಲು, ಇದು ಕಸ, ಇದರ ಮೇಲೆ ಯಾರ ಕಣ್ಣೂ ಬೀಳದಿರಲಿ’ ಎಂದು ದೃಷ್ಟಿಯನ್ನು ತಪ್ಪಿಸಲು ನೋಡುತ್ತಿದ್ದಳು. ಎರಡು ನುಡಿಗಳ ತಾಯಂದಿರು ಒಂದೇ ಭಯದಿಂದ ಒಂದೇ ಉಪಾಯವನ್ನು ಹೂಡಿದರು. 1916ರಲ್ಲಿ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದ ಧೋಂಡೋ ಕೇಶವ ಕರ್ವೆಯವರ ಹೆಸರಿನ ಮೊದಲಲ್ಲಿರುವುದೂ ಈ ಕಲ್ಲೇ.

ಇಂತಹ ಹೆಸರುಳ್ಳ ಹುಡುಗನನ್ನು ಓರಗೆಯವರು ನಗೆಗೀಡುಮಾಡುವುದೂ, ಅವನು ನಾಚಿ ಹೆಸರನ್ನೇ ಬದಲಿಸಿಕೊಳ್ಳಬಯಸುವುದೂ ಉಂಟು. ಸೊಸೆ ಮನೆಗೆ ಬಂದಾಗ ಅವಳ ತವರಿನ ಹೆಸರನ್ನು ತೆಗೆದು ಬೇರೊಂದನ್ನಿಡುವ ರೂಢಿಯೂ ಕೆಲವು ಮನೆತನಗಳಲ್ಲಿದೆ. ಬದಲಿಸುವ ಹಕ್ಕು ಹೆಸರು ಹೊತ್ತವರದೇ ಹೊರತು ಕೇಳಿ ನಗುವವರದಲ್ಲ. ಆದರೆ ಬದಲಿಸುವ ಮುನ್ನ ಆ ಹೆಸರು ಏಕೆ ಬಂದಿತೆಂಬುದನ್ನು ಅರಿಯುವುದು ಲೇಸು. ಅಜ್ಜಅಜ್ಜಿಯರು ಇರುವಾಗಲೇ ಮನೆಯವರೆಲ್ಲರ ಹೆಸರುಗಳ ಕಾರಣವನ್ನು ಕೇಳಿ, ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ಅಲ್ಲಿ ‘ಗುಂಡಪ್ಪ’ ಎಂಬುದರ ಮುಂದೆ, ಅವನಿಗಿಂತ ಮೊದಲು ಹುಟ್ಟಿ ಉಳಿಯದೆ ಹೋದ ಮಕ್ಕಳ ಹೆಸರುಗಳೂ ಸೇರಬೇಕಾದೀತು.