ಕೊಳಗದಿಂದ ಕಾಯಿದೆಗೆ: ಶಾಂತವೇರಿ ಗೋಪಾಲಗೌಡರ ಶಾಸಕ ಜೀವನ

ಮಲೆನಾಡಿನ ಗೇಣಿ ಪದ್ಧತಿಯಲ್ಲಿ ಭತ್ತ ಅಳೆಯುವ ಕೊಳಗವು ಒಡೆಯರ ಮನೆಯಲ್ಲಿರುತ್ತಿತ್ತು. ಅದರ ಗಾತ್ರವೂ ಅವರ ಇಚ್ಛೆಗೆ ಸೇರಿದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ದೀವರ ಗೇಣಿದಾರರು ಎತ್ತಿದ ತಕರಾರುಗಳಲ್ಲಿ ಈ ಅಳತೆಯೇ ಪ್ರಧಾನವಾದುದು. ಆ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿ ಪಕ್ಷದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಮತದೊಂದಿಗೆ ನೋಟನ್ನೂ ಮತದಾರರಿಂದಲೇ ಬೇಡಿದ ಅವರ ಕ್ರಮವು ಹಳ್ಳಿಯ ಕಾಣಿಕೆಯ ರೂಢಿಗೆ ಸಮೀಪವಾದುದೆಂದು ನನ್ನ ಭಾವನೆ. ಕೊಟ್ಟವನಿಗೆ ಕೇಳುವ ಹಕ್ಕೂ ಇರುತ್ತದೆ.

ಉಳುವವನಿಗೆ ಭೂಮಿ ದೊರೆಯಬೇಕೆಂಬುದು ಸದನದಲ್ಲಿ ಅವರ ವಾದ. 1961ರ ಭೂಸುಧಾರಣಾ ಕಾಯಿದೆಯಾದರೋ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನನ್ನು ಮರಳಿ ಪಡೆಯುವ ಅವಕಾಶವನ್ನು ಒಡೆಯರಿಗೆ ಉಳಿಸಿಕೊಟ್ಟಿತು. 1962 ಹಾಗೂ 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದ ಗೌಡರು ವಿರೋಧ ಪಕ್ಷದವರು. ಕಾಯಿದೆಯನ್ನು ತಿದ್ದುವ ಬಹುಮತ ಅವರ ಬಳಿ ಇರಲಿಲ್ಲ. 1972ರ ಜೂನ್‌ನಲ್ಲಿ ಅವರು ತೀರಿಕೊಂಡರು. ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿ ಗೇಣಿದಾರನಿಗೆ ಹಕ್ಕು ಕೊಡುವ ತಿದ್ದುಪಡಿ ಜಾರಿಗೆ ಬಂದುದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ.

ಜನರು ಇದನ್ನು ‘ಡಿಕ್ಲರೇಷನ್ ಹಾಕುವುದು’ ಎಂದರು. ಗೇಣಿ ಚೀಟಿಯಿಲ್ಲದ ಒಕ್ಕಲು ಭೂ ನ್ಯಾಯಮಂಡಳಿಯ ಮುಂದೆ ಇಡಬಹುದಾಗಿದ್ದುದು ನೆರೆಯವರ ಮಾತು ಮತ್ತು ತಾನು ಅಳೆದ ಕೊಳಗಗಳ ನೆನಪು. ಆ ತಲೆಮಾರಿನ ಹಾಡುಗಳನ್ನು ಸಂಗ್ರಹಿಸಿದ ನಾವು ಜಾನಪದದವರು, ಗೇಣಿಯ ಲೆಕ್ಕವನ್ನು ಕೇಳಿ ಬರೆದುಕೊಂಡದ್ದು ತೀರ ಕಡಿಮೆ.