ಜೀವಕೋಶದ ಪೊರೆಯಲ್ಲಿ ವಿದ್ಯುತ್ತು

ಬೇಸಗೆಯಲ್ಲಿ ದಾವಣಗೆರೆಯ ಬಿಸಿಲಿಗೆ ಬಳಲಿದವರಿಗೆ ಎಳನೀರಿಗಿಂತ ಹಿತವಾದ ಪಾನೀಯ ಇನ್ನೊಂದಿಲ್ಲ. ಆದರೂ ಮೂತ್ರಪಿಂಡಗಳು ಸೋತಿರುವ ರೋಗಿಗೆ ವೈದ್ಯರು ಮೊದಲು ಬೇಡವೆನ್ನುವ ಪದಾರ್ಥಗಳಲ್ಲಿ ಎಳನೀರೂ ಒಂದು. ‘ಕಾಯಿಲೆಯವರಿಗೆಂದೇ ಕೊಂಡೊಯ್ಯುವ ಈ ನೀರಿನಿಂದ ಏನು ಕೇಡಾದೀತು?’ ಎಂದು ಅನೇಕರು ನನ್ನನ್ನು ಕೇಳುವುದುಂಟು. ಉತ್ತರ ತಿಳಿಯಬೇಕಾದರೆ ನಮ್ಮ ಒಂದೊಂದು ಜೀವಕೋಶವನ್ನೂ ಸುತ್ತಿರುವ ಪೊರೆಯನ್ನೂ, ಆ ಪೊರೆ ಕಾಯ್ದುಕೊಂಡಿರುವ ವಿದ್ಯುತ್ತನ್ನೂ ಸ್ವಲ್ಪ ಪರಿಚಯಮಾಡಿಕೊಳ್ಳಬೇಕು.

ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿನ ಮೂರ್ತಿ ಒಂದೇ; ಬಲಭಾಗ ಹರ, ಎಡಭಾಗ ಹರಿ. ಕೋಶದ ಪೊರೆಯನ್ನು ಕಟ್ಟಿರುವ ಕೊಬ್ಬಿನ ಅಣುಗಳೂ ಇಂಥ ಜೋಡುಸ್ವಭಾವದವು. ಅವುಗಳ ತಲೆಗೆ ನೀರೆಂದರೆ ಒಲವು, ಬಾಲಕ್ಕೆ ನೀರೆಂದರೆ ಒಲ್ಲದು. ಆದಕಾರಣ ಅವು ಬಾಲಗಳನ್ನು ಒಳಗೆ ಅಡಗಿಸಿ, ತಲೆಗಳನ್ನು ಇಬ್ಬದಿಯ ನೀರಿಗೆ ಒಡ್ಡಿ, ಎರಡು ಸಾಲಾಗಿ ನಿಲ್ಲುತ್ತವೆ. ಹೀಗಾದ ಪೊರೆಯ ದಪ್ಪ ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲಿನಷ್ಟು. ವಿದ್ಯುದಂಶವನ್ನು ಹೊತ್ತ ಉಪ್ಪಿನ ಕಣಗಳು, ಅಂದರೆ ಅಯಾನುಗಳು, ಈ ಕೊಬ್ಬಿನ ಪದರವನ್ನು ಹಾಯಲಾರವು. ತಂತಿಯ ಮೇಲಿನ ರಬ್ಬರಿನಂತೆ ಅದು ವಿದ್ಯುತ್ತನ್ನು ತಡೆಯುತ್ತದೆ.

ದಾವಣಗೆರೆ ಸೀಮೆಯ ಗದ್ದೆಗಳಿಗೆ ನೀರುಣಿಸುವ ಭದ್ರಾ ಜಲಾಶಯವನ್ನು ನೆನೆಯಿರಿ. ಒಂದು ಬದಿಯಲ್ಲಿ ನೀರು ಏರಿ ನಿಂತಿರುವುದರಿಂದಲೇ ತೂಬು ತೆರೆದಾಗ ಅದು ರಭಸದಿಂದ ಹರಿಯುತ್ತದೆ. ಕೋಶದಲ್ಲಿಯೂ ಇಂಥ ಏರುತಗ್ಗುಗಳಿವೆ. ಪೊಟ್ಯಾಸಿಯಂ ಕೋಶದ ಹೊರಗಿಗಿಂತ ಒಳಗೆ ಸುಮಾರು ಮೂವತ್ತೈದು ಪಟ್ಟು ಹೆಚ್ಚು. ಸೋಡಿಯಂ ಹೊರಗೇ ಹೆಚ್ಚು. ಈ ಅಂತರವನ್ನು ಉಳಿಸಲು ಪೊರೆಯಲ್ಲಿ ಒಂದು ಬಗೆಯ ಏತವಿದೆ. ಒಂದು ಸಲ ಎತ್ತಿದರೆ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. 1957ರಲ್ಲಿ ಇದನ್ನು ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1997ರಲ್ಲಿ. ನಾವು ಸುಮ್ಮನೆ ಮಲಗಿದ್ದಾಗಲೂ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಈ ಏತಗಳಿಗೇ ಸಲ್ಲುತ್ತದೆ.

ಪೊರೆಯಲ್ಲಿ ಪ್ರೋಟೀನಿನ ತೂಬುಗಳೂ ಇವೆ. ವಿಶ್ರಾಂತಿಯ ವೇಳೆಯಲ್ಲಿ ತೆರೆದಿರುವವು ಬಹುಮಟ್ಟಿಗೆ ಪೊಟ್ಯಾಸಿಯಮ್ಮಿನವು. ಒಳಗೆ ದಟ್ಟವಾಗಿರುವ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಸೋರುವಾಗ ತನ್ನ ಧನವಿದ್ಯುದಂಶವನ್ನೂ ಒಯ್ಯುವುದರಿಂದ ಒಳಬದಿ ಋಣವಾಗುತ್ತದೆ. ಆ ಋಣದ ಸೆಳೆತ ಬಲಿತಾಗ ಸೋರಿಕೆ ಹೆಚ್ಚುಕಡಮೆ ನಿಲ್ಲುತ್ತದೆ. ಈ ಸಮತೋಲದಲ್ಲಿ ಹೃದಯದ ಸ್ನಾಯುಕೋಶದ ಒಳಗು ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕೆಳಗಿರುತ್ತದೆ. ಟಾರ್ಚಿನ ಒಂದು ಸೆಲ್ಲಿನ ಹದಿನೈದನೆಯ ಒಂದು ಪಾಲಿಗಿಂತಲೂ ಇದು ಕಡಮೆ. ಆದರೆ ಪೊರೆ ಅಷ್ಟು ತೆಳುವಾದ್ದರಿಂದ ಅದರ ಮೇಲಿನ ಒತ್ತಡ ಮೀಟರೊಂದಕ್ಕೆ ಕೋಟಿ ವೋಲ್ಟುಗಳನ್ನು ಮೀರುತ್ತದೆ!

ಪ್ರಚೋದನೆಯಾದಾಗ ಸೋಡಿಯಮ್ಮಿನ ತೂಬುಗಳು ಥಟ್ಟನೆ ತೆರೆಯುತ್ತವೆ. ಸೋಡಿಯಂ ಒಳನುಗ್ಗಿ, ಒಳಬದಿ ಕ್ಷಣಕಾಲ ಧನವಾಗುತ್ತದೆ. ಬಳಿಕ ಪೊಟ್ಯಾಸಿಯಂ ಹೊರನಡೆದು ಮೊದಲಿನ ಸ್ಥಿತಿ ಮರಳುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ನರತಂತುವಿನಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಈ ಕ್ರಮವನ್ನು ಅಳೆದು 1952ರಲ್ಲಿ ಲೆಕ್ಕದ ರೂಪದಲ್ಲಿ ಪ್ರಕಟಿಸಿದರು. ಹೃದಯದಲ್ಲಿ ಈ ಅಲೆ ಕೋಶದಿಂದ ಕೋಶಕ್ಕೆ ಹಬ್ಬಿದಾಗ ಮಿಡಿತ ಉಂಟಾಗುತ್ತದೆ. ಇ.ಸಿ.ಜಿ. ಕಾಗದದ ಮೇಲೆ ಮೂಡುವ ಗೆರೆ ಇದರದೇ ನೆರಳು.

ಈಗ ಎಳನೀರಿನ ಮಾತು. ರಕ್ತದ ದ್ರವಭಾಗದಲ್ಲಿರುವ ಪೊಟ್ಯಾಸಿಯಮ್ಮಿಗಿಂತ ಸುಮಾರು ಹತ್ತು ಪಟ್ಟು ಎಳನೀರಿನಲ್ಲಿದೆ. ಆರೋಗ್ಯವಂತರ ಮೂತ್ರಪಿಂಡ ಹೆಚ್ಚಾದುದನ್ನು ಹೊರಹಾಕುತ್ತದೆ, ಅವರಿಗೆ ಭಯವಿಲ್ಲ. ಸೋತ ಮೂತ್ರಪಿಂಡಕ್ಕೆ ಆ ಸಾಮರ್ಥ್ಯವಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಇಮ್ಮಡಿಯಾದರೆ ಒಳಹೊರಗಿನ ಅಂತರ ಅರ್ಧಕ್ಕಿಳಿಯುತ್ತದೆ. ಪೊರೆಯ ವಿದ್ಯುತ್ತು, ಲೆಕ್ಕದ ಪ್ರಕಾರ, ಸುಮಾರು 18 ಮಿಲಿವೋಲ್ಟ್ ತಗ್ಗುತ್ತದೆ. ಹಾಗೆ ತಗ್ಗಿದಾಗ ಸೋಡಿಯಮ್ಮಿನ ತೂಬುಗಳು ಸರಿಯಾಗಿ ಚೇತರಿಸಿಕೊಳ್ಳಲಾರವು. ಹೃದಯದ ಅಲೆ ನಿಧಾನವಾಗುತ್ತದೆ, ದಾರಿ ತಪ್ಪುತ್ತದೆ, ಕಡೆಗೆ ನಿಂತೇಹೋಗಬಹುದು. ಎಷ್ಟೋ ವೇಳೆ ನೋವು, ಉಬ್ಬಸಗಳ ಮುನ್ಸೂಚನೆಯೂ ಇರುವುದಿಲ್ಲ.

ಇದರ ಚಿಕಿತ್ಸೆಯೂ ಪೊರೆಯ ತಿಳಿವಿನಿಂದಲೇ ಬಂದಿದೆ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಕೊಟ್ಟು ಹೃದಯವನ್ನು ಸ್ಥಿಮಿತಕ್ಕೆ ತರುತ್ತಾರೆ. ಗ್ಲೂಕೋಸಿನೊಡನೆ ಇನ್ಸುಲಿನ್ ಕೊಟ್ಟು ಏತಗಳನ್ನು ಚುರುಕುಗೊಳಿಸಿ ಪೊಟ್ಯಾಸಿಯಮ್ಮನ್ನು ಕೋಶಗಳೊಳಗೆ ಅಟ್ಟುತ್ತಾರೆ. ಡಯಾಲಿಸಿಸ್ ಮಾಡಿ ದೇಹದಿಂದಲೇ ತೆಗೆಯುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ವಾಂತಿಭೇದಿಯಲ್ಲಿ ದೇಹ ಪೊಟ್ಯಾಸಿಯಮ್ಮನ್ನು ಕಳೆದುಕೊಳ್ಳುತ್ತದೆ. ಆ ಕಾರಣದಿಂದಲೇ ಆಗ ಕುಡಿಸುವ ಓ.ಆರ್.ಎಸ್. ಪುಡಿಯಲ್ಲಿ ಅಡುಗೆ ಉಪ್ಪಿನ ಜತೆಗೆ ಪೊಟ್ಯಾಸಿಯಂ ಕ್ಲೋರೈಡನ್ನೂ ಬೆರೆಸಿರುತ್ತಾರೆ.

ಒಬ್ಬರಿಗೆ ಔಷಧವಾದದ್ದು ಇನ್ನೊಬ್ಬರಿಗೆ ವಿಷವಾಗುವುದು ಹೀಗೆ. ಮೂತ್ರಪಿಂಡದ ಕಾಯಿಲೆಯಿರುವವರನ್ನು ನೋಡಲು ಹೋಗುವವರು, ಪ್ರೀತಿಯಿಂದ ಏನನ್ನಾದರೂ ಕುಡಿಸುವ ಮುನ್ನ, ಅವರ ವೈದ್ಯರನ್ನು ಒಂದು ಮಾತು ಕೇಳುವುದು ಕ್ಷೇಮ.